ರಾತ್ರಿ ಒಂದು ಗಂಟೆಯ ಉಬ್ಬಸಕ್ಕೆ ಮೊಸರು ಕಾರಣವೇ?

ಪ್ರಶ್ನೆ: ನನಗೆ 41 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿದ್ದೇನೆ. ಆರು ವರ್ಷದಿಂದ ಅಸ್ತಮಾ. ಉಬ್ಬಸ ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಒಗ್ಗರಣೆ ಘಾಟಿಗೆ ಥಟ್ಟನೆ ಎದೆ ಬಿಗಿಯುತ್ತದೆ, ಹಿತ್ತಲಿಗೆ ಹೋಗಿ ನಿಂತರೆ ಸರಿಹೋಗುತ್ತದೆ. ಕೆಲವು ರಾತ್ರಿ ಒಂದು ಗಂಟೆಗೋ ನಾಲ್ಕು ಗಂಟೆಗೋ ಎದ್ದು ಕೂರಬೇಕು. ನೆಗಡಿಯಾದರೆ ಹತ್ತು ದಿನ ಬಿಡುವುದಿಲ್ಲ. ಡಾಕ್ಟರು ದಿನಾ ಬರೆದಿಡಿ ಎಂದರು. ಎರಡು ತಿಂಗಳು ಬರೆದೆ, ಅವರು ಹಾಳೆ ತಿರುವಿ ನೋಡಿ ವಾಪಸ್ ಕೊಟ್ಟರು. ಕೆಲವು ಪುಟಗಳ ಫೋಟೊ ಕಳಿಸಿದ್ದೇನೆ. ಮೊಸರು, ಬಾಳೆಹಣ್ಣು, ಸೌತೆಕಾಯಿ ಎಲ್ಲ ಬಿಟ್ಟಾಯಿತು, ಕಡಿಮೆಯಾಗಿಲ್ಲ. ನೀಲಿ ಪಂಪು (ಇನ್‌ಹೇಲರ್) ಕಷ್ಟವಾದಾಗ ಎಳೆದುಕೊಳ್ಳುತ್ತೇನೆ. ದಿನಾ ಎಳೆಯಲು ಕೊಟ್ಟ ಇನ್ನೊಂದು ಪಂಪನ್ನು, ಅಭ್ಯಾಸವಾದರೆ ಬಿಡಲಿಕ್ಕಾಗುವುದಿಲ್ಲ ಎಂದು ಅತ್ತೆ ಹೇಳಿದ ಮೇಲೆ ನಿಲ್ಲಿಸಿದೆ. ದಿನಾ ಬರೆಯುತ್ತಾ ಕೂತರೆ ಮನಸ್ಸೆಲ್ಲ ಕಾಯಿಲೆ ಮೇಲೇ ಇರುತ್ತದೆ ಎಂದು ಯಜಮಾನರು ಬೈಯುತ್ತಾರೆ. ಬರೆಯುವುದರಿಂದ ನಿಜವಾಗಿ ಉಪಯೋಗ ಇದೆಯೇ? ಇದ್ದರೆ ಹೇಗೆ ಬರೆಯಬೇಕು?

ಉತ್ತರ: ನೀವು ಕಳಿಸಿದ ಪುಟಗಳನ್ನು ಎರಡೆರಡು ಸಲ ಓದಿದೆ. ಬಹುತೇಕ ದಿನ "ತುಂಬಾ ಕಷ್ಟ", "ಪರವಾಗಿಲ್ಲ", "ನಿದ್ದೆ ಇಲ್ಲ" ಎಂದಷ್ಟೇ ಇದೆ. ನೀವು ಪಟ್ಟ ಪಾಡು ಅದರಲ್ಲಿ ಕಾಣುತ್ತದೆ, ಕಾಯಿಲೆಯ ಜಾಡು ಕಾಣುವುದಿಲ್ಲ. ಆದರೆ ಒಂದು ದಿನ ಮಾತ್ರ ನೀವು ಗಂಟೆ ಸಮೇತ ಬರೆದಿದ್ದೀರಿ: "ಸಂಜೆ 5ಕ್ಕೆ ಅಟ್ಟದಿಂದ ಕಂಬಳಿ ಇಳಿಸಿ ಕೊಡವಿದೆ. ಸೀನು ಬಂತು, ಸ್ವಲ್ಪ ಕೆಮ್ಮು, ನಿಂತಿತು. ರಾತ್ರಿ 8.30 ಊಟ, ಸೌತೆಕಾಯಿ ಮೊಸರುಬಜ್ಜಿ. ರಾತ್ರಿ 1ಕ್ಕೆ ಜೋರು ಉಬ್ಬಸ. ಮೊಸರು ತಿನ್ನಬಾರದಿತ್ತು." ಮೊಸರು ಬಿಟ್ಟದ್ದು ಅದರ ಮರುದಿನದಿಂದ. ನಾನು ಆ ಪುಟ ಓದಿದಾಗ ನನ್ನ ಅನುಮಾನ ಹೋದದ್ದು ಕಂಬಳಿಯ ಮೇಲೆ.

ಅಲರ್ಜಿಯಿಂದ ಬರುವ ಅಸ್ತಮಾದಲ್ಲಿ ಅನೇಕರಿಗೆ ಉಬ್ಬಸ ಎರಡು ಸುತ್ತಿನಲ್ಲಿ ಬರುತ್ತದೆ. ಧೂಳು ಒಳಹೋದ ಕೆಲವೇ ನಿಮಿಷಗಳಲ್ಲಿ ಮೊದಲ ಸುತ್ತು: ಶ್ವಾಸನಾಳದ ಸುತ್ತಲಿನ ಸ್ನಾಯು ಹಿಂಡಿಕೊಳ್ಳುತ್ತದೆ, ಸೀನು, ಕೆಮ್ಮು, ಬಿಗಿತ. ಒಂದೆರಡು ಗಂಟೆಯಲ್ಲಿ ಅದು ಇಳಿಯುತ್ತದೆ, ನಾವು ಮರೆತುಬಿಡುತ್ತೇವೆ. ಅಷ್ಟರಲ್ಲಿ ರಕ್ತದಿಂದ ಉರಿಯೂತದ ಕಣಗಳು ಶ್ವಾಸನಾಳದ ಗೋಡೆಗೆ ಬಂದು ಸೇರಿಕೊಳ್ಳುತ್ತಿರುತ್ತವೆ. ಸುಮಾರು 4ರಿಂದ 8 ಗಂಟೆಯ ನಂತರ ಎರಡನೆಯ ಸುತ್ತು ಶುರುವಾಗುತ್ತದೆ. ಈಗ ಗೋಡೆಯೇ ಊದಿಕೊಂಡು ಕಫ ತುಂಬಿರುವುದರಿಂದ ಉಬ್ಬಸ ಮೊದಲಿಗಿಂತ ಜೋರಾಗಿ, ಹೆಚ್ಚು ಹೊತ್ತು ಇರುತ್ತದೆ. ಸಂಜೆ ಐದಕ್ಕೆ ಎಂಟು ಗಂಟೆ ಕೂಡಿಸಿದರೆ ರಾತ್ರಿ ಒಂದು. ನಡುವೆ ಬಂದ ಊಟದ ಮೇಲೆ ತಪ್ಪು ಹೊರಿಸಿದ್ದೇವೆ. ಮಲಗುವ ಮುಂಚಿನ ಕೊನೆಯ ತುತ್ತು ಮೊಸರನ್ನವೇ ಆಗಿರುವ ನಮ್ಮಲ್ಲಿ, ಮೊಸರಿಗೆ ಈ ಕೆಟ್ಟ ಹೆಸರು ಬರಲು ಇದೂ ಒಂದು ಕಾರಣ ಎಂದು ನನಗೆ ಬಹಳ ಸಲ ಅನ್ನಿಸಿದೆ.

ಒಂದೇ ದಿನದ ಬರಹದಿಂದ ತೀರ್ಪು ಕೊಡಲಾಗದು, ನಿಜ. ಹಾಲಿನ ಅಲರ್ಜಿ ಎಂಬುದೂ ಇದೆ. ಆದರೆ ಅದು ಸಾಮಾನ್ಯವಾಗಿ ತಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ವಾಂತಿಯ ಜೊತೆ ಕಾಣಿಸಿಕೊಳ್ಳುತ್ತದೆ. ಇದ್ಯಾವುದೂ ನಿಮಗಿಲ್ಲ, ಮೊಸರು ಬಿಟ್ಟ ಮೇಲೂ ಉಬ್ಬಸ ಹಾಗೇ ಇದೆ. ಮೊಸರನ್ನೂ ಬಾಳೆಹಣ್ಣನ್ನೂ ಮತ್ತೆ ಶುರುಮಾಡಿ, ಹಗಲಿನ ಊಟದಲ್ಲಿ, ಒಂದೊಂದಾಗಿ. ಅದನ್ನೂ ಗಂಟೆ ಸಮೇತ ಬರೆಯಿರಿ. ಅಸ್ತಮಾ ಇರುವ ಹೆಂಗಸರು ಒಂದೊಂದೇ ಆಹಾರ ಬಿಡುತ್ತಾ ಬಂದು ಕೊನೆಗೆ ಸಾರು ಅನ್ನದಲ್ಲೇ ಬದುಕುವುದನ್ನು ನೋಡಿದ್ದೇನೆ. ಸುಸ್ತು, ರಕ್ತಹೀನತೆ ಸೇರಿಕೊಂಡು ಏದುಸಿರು ಇನ್ನೂ ಹೆಚ್ಚುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಅಸ್ತಮಾದ ಜಾಡು ಸಿಗುವುದು "ಎಷ್ಟು ಕಷ್ಟವಾಯಿತು" ಎಂಬುದಕ್ಕಿಂತ "ಯಾವಾಗ ಆಯಿತು, ಎಷ್ಟು ಹೊತ್ತಿಗೆ ಇಳಿಯಿತು" ಎಂಬುದರಲ್ಲಿ. ಕಾಯಿಲೆ ಒಂದೇ, ಅದು ನಡೆಯುವ ದಾರಿ ಬೇರೆಬೇರೆ. ಲಂಡನ್ನಿನ ಶ್ವಾಸಕೋಶ ತಜ್ಞೆ ಮಾರ್ಗರೆಟ್ ಟರ್ನರ್-ವಾರ್ವಿಕ್ 1977ರಷ್ಟು ಹಿಂದೆಯೇ ರೋಗಿಗಳು ಎಷ್ಟು ಜೋರಾಗಿ ಉಸಿರು ಊದಬಲ್ಲರೆಂದು ದಿನದಿನ ಅಳೆದ ಅಂಕಿಗಳನ್ನು ಗೆರೆಯಾಗಿ ಎಳೆದು ನೋಡಿ ಇದನ್ನು ವಿವರಿಸಿದರು. ಕೆಲವರ ಗೆರೆ ದಿನಾ ಬೆಳಗ್ಗೆ ಗುಂಡಿಗೆ ಬಿದ್ದು ಮಧ್ಯಾಹ್ನದ ಹೊತ್ತಿಗೆ ಮೇಲೇಳುತ್ತಿತ್ತು. ಕೆಲವರದು ಹೊತ್ತುಗೊತ್ತಿಲ್ಲದೆ ಮೇಲೆ ಕೆಳಗೆ ಜಿಗಿಯುತ್ತಿತ್ತು. ಆ ಬೆಳಗಿನ ಗುಂಡಿ ನಿಮ್ಮ ನಾಲ್ಕು ಗಂಟೆಯ ಉಬ್ಬಸಕ್ಕೂ ಸಂಬಂಧಿಸಿದೆ. ಬೆಳಗಿನ ಜಾವದಲ್ಲಿ ಎಲ್ಲರ ಶ್ವಾಸನಾಳವೂ ತುಸು ಕಿರಿದಾಗುತ್ತದೆ, ಉರಿಯೂತವನ್ನು ಹತ್ತಿಕ್ಕುವ ನಮ್ಮ ದೇಹದ್ದೇ ಹಾರ್ಮೋನು ಕಾರ್ಟಿಸಾಲ್ ರಾತ್ರಿ ತಗ್ಗಿರುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೇ ಆಗುವುದಿಲ್ಲ. ಅಸ್ತಮಾ ಹತೋಟಿಯಲ್ಲಿಲ್ಲದವರು ಎದ್ದು ಕೂರುತ್ತಾರೆ. ಹಾಗಾಗಿ ನಾಲ್ಕು ಗಂಟೆಗೆ ಎಚ್ಚರವಾಗುವುದು "ಚಳಿಗೆ ಹಾಗಾಯ್ತು" ಎಂದು ಬಿಡುವ ವಿಷಯವಲ್ಲ. ನಿತ್ಯದ ಔಷಧ ಸಾಲುತ್ತಿಲ್ಲ ಎಂದು ದೇಹ ಹೇಳುತ್ತಿದೆ. ನಿಮ್ಮ ಮಟ್ಟಿಗೆ, ನಿತ್ಯದ ಔಷಧವೇ ನಿಂತಿದೆ.

ಒಗ್ಗರಣೆ ಘಾಟು, ಬಚ್ಚಲೊಲೆ ಹೊಗೆ, ಸೊಳ್ಳೆಬತ್ತಿ, ಇವುಗಳದ್ದು ಇನ್ನೊಂದು ದಾರಿ. ಇವು ಅಲರ್ಜಿ ಮಾಡುವುದಕ್ಕಿಂತ ಕೆರಳಿಸುವ ವಸ್ತುಗಳು: ಥಟ್ಟನೆ ಬರುತ್ತದೆ, ಅಲ್ಲಿಂದ ಎದ್ದು ಹೋದರೆ ಇಳಿಯುತ್ತದೆ, ರಾತ್ರಿಯವರೆಗೆ ಬೆನ್ನು ಹತ್ತುವುದು ಕಡಿಮೆ. ಇಷ್ಟು ಸಣ್ಣ ಘಾಟಿಗೂ ನಾಳ ಕೆರಳುತ್ತಿದೆ ಎಂದರೆ ಅದರ ಗೋಡೆ ಮೊದಲೇ ಉರಿಯೂತದಿಂದ ಹಸಿಗಾಯದಂತಾಗಿದೆ ಎಂದು ಅರ್ಥ. ನೆಗಡಿಯದ್ದು ಮೂರನೆಯ ಬಗೆ, ದೊಡ್ಡವರಲ್ಲಿ ಜೋರಾದ ಉಬ್ಬಸಕ್ಕೆ ತೀರಾ ಸಾಮಾನ್ಯ ಕಾರಣ ವೈರಸ್ಸಿನ ನೆಗಡಿಯೇ. ಇದರಲ್ಲಿ ಉಸಿರಿನ ಅಂಕಿ ಒಂದೇ ದಿನ ಧೊಪ್ಪನೆ ಬೀಳುವುದಕ್ಕಿಂತ ನಾಲ್ಕೈದು ದಿನ ಮೆಲ್ಲಗೆ ಜಾರುತ್ತದೆ. ಬರೆದಿಡುವವರಿಗೆ ದೊಡ್ಡ ಲಾಭ ಸಿಗುವುದು ಇಲ್ಲಿ: ಆಸ್ಪತ್ರೆ ಸೇರುವ ಮೂರು ದಿನ ಮೊದಲೇ ಗೊತ್ತಾಗುತ್ತದೆ.

ಅಂಕಿ ಎಂದೆ. ನಿಮ್ಮ ಪುಸ್ತಕದಲ್ಲಿ ಇಲ್ಲದೆ ಇರುವುದು ಅದೇ. ಮೆಡಿಕಲ್ ಅಂಗಡಿಯಲ್ಲಿ ಪೀಕ್ ಫ್ಲೋ ಮೀಟರ್ ಎಂದು ಕೇಳಿ. ಊದಿದ ಗಾಳಿ ಎಷ್ಟು ವೇಗವಾಗಿ ಹೊರಬಂತೆಂದು ಅಂಕಿಯಲ್ಲಿ ತೋರಿಸುತ್ತದೆ. ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ಕೊಳವೆ, ಬ್ಯಾಟರಿ ಬೇಕಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಮುಳ್ಳನ್ನು ಸೊನ್ನೆಗೆ ತಂದು, ನಿಂತುಕೊಂಡು, ಎದೆ ತುಂಬ ಉಸಿರೆಳೆದು, ತುಟಿ ಬಿಗಿಯಾಗಿ ಮುಚ್ಚಿ ಒಂದೇ ಏಟಿಗೆ ಜೋರಾಗಿ ಊದಬೇಕು. ಬಲೂನ್ ಊದಿದ ಹಾಗೆ ಎಳೆದೆಳೆದು ಊದಬಾರದು, ದೂರದ ದೀಪ ಆರಿಸುವ ಹಾಗೆ ಊದಬೇಕು. ಬೆರಳು ಮುಳ್ಳಿಗೆ ಅಡ್ಡ ಬರದಿರಲಿ. ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಮಾತ್ರ ಬರೆಯಿರಿ. ಬೆಳಗ್ಗೆ ಎದ್ದೊಡನೆ ಒಮ್ಮೆ, ಸಂಜೆ ಒಮ್ಮೆ, ಎರಡೂ ಸಲ ಪಂಪು ಎಳೆಯುವ ಮೊದಲು.

ಲೆಕ್ಕ ಸುಲಭ. ಬೆಳಗ್ಗೆ 280, ಸಂಜೆ 350 ಬಂತು ಅನ್ನಿ. ವ್ಯತ್ಯಾಸ 70. ಎರಡರ ಸರಾಸರಿ 315. 70 ಎಂದರೆ 315ರಲ್ಲಿ ಶೇ 22. ಹೀಗೆ ಎರಡು ವಾರದ ಲೆಕ್ಕ ಹಾಕಿ ಸರಾಸರಿ ಶೇ 10ಕ್ಕಿಂತ ಹೆಚ್ಚಿದ್ದರೆ ದೊಡ್ಡವರಲ್ಲಿ ಅದು ಅಸ್ತಮಾದ ಏರಿಳಿತ. ಗಣಿತ ಬೇಡ ಎಂದರೂ ಅಡ್ಡಿಯಿಲ್ಲ, ಮಗಳ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯಿರಿ. ಗರಗಸದ ಹಲ್ಲಿನ ಹಾಗೆ ಕಂಡರೆ ಡಾಕ್ಟರು ಅರೆಗಳಿಗೆಯಲ್ಲಿ ಓದುತ್ತಾರೆ. ಚೆನ್ನಾಗಿದ್ದ ದಿನಗಳಲ್ಲಿ ಬಂದ ಅತಿ ಹೆಚ್ಚಿನ ಅಂಕಿ ನಿಮ್ಮ ಸ್ವಂತ ದಾಖಲೆ. ಅದು 360 ಆದರೆ, ಅದರ ಶೇ 80, ಅಂದರೆ ಸುಮಾರು 290ರ ಮೇಲಿದ್ದರೆ ಸುರಕ್ಷಿತ. ಅಲ್ಲಿಂದ ದಾಖಲೆಯ ಅರ್ಧ, ಅಂದರೆ 180ರವರೆಗೆ ಎಚ್ಚರ. 180ಕ್ಕಿಂತ ಕೆಳಗೆ ಅಪಾಯ. ಅಕ್ಕಪಕ್ಕದವರ ಅಂಕಿಯ ಜೊತೆ ಹೋಲಿಸಬೇಡಿ. ಎತ್ತರ, ವಯಸ್ಸು ಬದಲಾದರೆ ಅಂಕಿಯೂ ಬದಲು.

ಮೀಟರ್ ಇಲ್ಲದೆ ಬರೆದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ವರ್ಷಗಟ್ಟಲೆ ಉಬ್ಬಸ ಅನುಭವಿಸಿದ ಕೆಲವರಿಗೆ ನಾಳ ಅರ್ಧ ಮುಚ್ಚಿದರೂ ಕಷ್ಟವೆನಿಸುವುದಿಲ್ಲ, ಒಗ್ಗಿಹೋಗಿರುತ್ತದೆ. ನನ್ನೆದುರು ಕೂತು "ಆರಾಮಿದ್ದೇನೆ ಡಾಕ್ಟ್ರೇ" ಎಂದು ನಗುತ್ತಾ ಊದಿ 170ಕ್ಕೆ ನಿಂತವರಿದ್ದಾರೆ. ನನಗೆ ಹೆಚ್ಚು ಭಯ ಇವರ ಬಗ್ಗೆಯೇ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಈ ಕೆಲಸಕ್ಕೆ ಬಾರದು. ಉಬ್ಬಸದಲ್ಲಿ ಆಕ್ಸಿಜನ್ ಅಂಕಿ ಕೊನೆಯವರೆಗೂ 96, 97 ತೋರಿಸುತ್ತಿರಬಹುದು. ಅದು ಇಳಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿರಬೇಕು.

ಮೀಟರಿನದ್ದೂ ಒಂದು ದೌರ್ಬಲ್ಯವಿದೆ. ನೀವು ಅರೆಮನಸ್ಸಿನಿಂದ ಊದಿದರೆ ಸುಳ್ಳು ಹೇಳುತ್ತದೆ. ಆಮೇಲೆ ನೆನಪಿನಿಂದ ತುಂಬಿಸಿದ ಅಂಕಿಯೂ ಸುಳ್ಳೇ. ಒಂದು ದಿನ ತಪ್ಪಿದರೆ ಖಾಲಿ ಬಿಡಿ. ಖಾಲಿ ಜಾಗದಿಂದ ತೊಂದರೆಯಿಲ್ಲ.

ಪುಟದಲ್ಲಿ ಇನ್ನೇನಿರಬೇಕು? ರಾತ್ರಿ ಎಚ್ಚರವಾಯಿತೇ, ಎಷ್ಟು ಗಂಟೆಗೆ. ನೀಲಿ ಪಂಪು ಎಷ್ಟು ಸಲ ಎಳೆದಿರಿ. ಉಬ್ಬಸ ಬಂದ ದಿನ, ಅದಕ್ಕೆ ಹಿಂದಿನ ಹನ್ನೆರಡು ಗಂಟೆಯಲ್ಲಿ ಏನೇನು ಮಾಡಿದಿರಿ, ಕಂಬಳಿ, ಅಡಿಕೆ ಸುಲಿತ, ಬೂಷ್ಟು ಹಿಡಿದ ಕೋಣೆ ಗುಡಿಸಿದ್ದು, ನೆಂಟರ ಮನೆಯಲ್ಲಿ ಮಲಗಿದ್ದು. ತಿಂಗಳ ಮುಟ್ಟಿನ ದಿನ ಗುರುತು ಹಾಕಿ, ಕೆಲವು ಹೆಂಗಸರಿಗೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಉಬ್ಬಸ ಹೆಚ್ಚುತ್ತದೆ, ಸಂಕೋಚದಿಂದ ಅದನ್ನು ಯಾರೂ ಹೇಳುವುದಿಲ್ಲ. ನುಂಗಿದ ಗುಳಿಗೆಗಳನ್ನೂ ಬರೆಯಿರಿ. ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಯಿಂದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಸೋರಿ ಉಬ್ಬಸ ಬರುವವರಿದ್ದಾರೆ. ತಲೆನೋವಿಗೆ, ಕೈನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್, ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ ಕೂಡ ಅಸ್ತಮಾ ಇರುವವರಿಗೆ ಅಪಾಯ. ಒಂದು ಮುಖ್ಯ ಮಾತು: ಏನೂ ಆಗದ ದಿನವೂ ಬರೆಯಿರಿ. ಕಂಬಳಿ ಕೊಡವಿದ ದಿನ ಉಬ್ಬಸ ಬಂತು ಎಂಬುದರ ಬೆಲೆ, ಕೊಡವದ ದಿನ ಬರಲಿಲ್ಲ ಎಂಬುದು ಪಕ್ಕದಲ್ಲಿದ್ದಾಗಲೇ ತಿಳಿಯುವುದು.

ಹಿಂದೊಮ್ಮೆ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವವರೊಬ್ಬರು ಬರುತ್ತಿದ್ದರು. ಅವರಿಗೆ ಉಬ್ಬಸ ಬರುತ್ತಿದ್ದದ್ದು ಮನೆಯಲ್ಲಿ, ರಾತ್ರಿ ಹೊತ್ತು. ಹಾಗಾಗಿ ಗಿರಣಿಯ ಮೇಲೆ ಅನುಮಾನವೇ ಇರಲಿಲ್ಲ. ಹಾಸಿಗೆ ಬದಲಿಸಿದರು, ಬೆಕ್ಕನ್ನು ಬೇರೆಯವರಿಗೆ ಕೊಟ್ಟರು. ದಿನಕ್ಕೆ ನಾಲ್ಕು ಸಲದಂತೆ ನಾಲ್ಕು ವಾರ ಊದಿಸಿದೆ, ಹೆಂಡತಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟರು. ಸೋಮವಾರ 390ರ ಆಸುಪಾಸು, ಗುರುವಾರ 310, ಶನಿವಾರ 270. ಭಾನುವಾರ ಸ್ವಲ್ಪ ಮೇಲೆ. ಹಬ್ಬಕ್ಕೆ ಐದು ದಿನ ಊರಿಗೆ ಹೋದಾಗ 420. ಆ ಹಾಳೆ ಮೇಜಿನ ಮೇಲೆ ಹರಡಿದಾಗ ಅವರೇ ಬೆರಳಿಟ್ಟು ತೋರಿಸಿದರು, "ಗಿರಣಿ ಮುಚ್ಚಿದ ದಿನ ನಾನು ಬದುಕ್ತೀನಿ". ಹಿಟ್ಟಿನ ಧೂಳಿನಿಂದ ಅಸ್ತಮಾ ಬರುವುದು ಹೊಸದಲ್ಲ. ಕಾಫಿ ಕ್ಯೂರಿಂಗಿನ ಹಸಿ ಬೀಜದ ಧೂಳು, ರೇಷ್ಮೆ ಗೂಡಿನ ಕೆಲಸ, ಇವುಗಳಲ್ಲೂ ಇದೆ. ಆದರೆ ಇದನ್ನು ಎಕ್ಸ್‌ರೇ ತೋರಿಸುವುದಿಲ್ಲ, ಆಸ್ಪತ್ರೆಯ ಯಂತ್ರಕ್ಕೆ ಊದಿಸಿ ಮಾಡುವ ಒಂದು ದಿನದ ಸ್ಪೈರೊಮೆಟ್ರಿ ಪರೀಕ್ಷೆಯಲ್ಲೂ ತಪ್ಪಿಹೋಗಬಹುದು. ಕ್ಯಾಲೆಂಡರಿನ ಹಿಂಬದಿ ತೋರಿಸಿತು.

ನಿಮ್ಮದು ಮಲೆನಾಡು. ಮಳೆಗಾಲದ ತೇವದಲ್ಲಿ ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿ ಚೆನ್ನಾಗಿ ಬೆಳೆಯುತ್ತದೆ. ತೆಂಗಿಗೆ ಬರುವ ನುಸಿಯ ದೂರದ ಸಂಬಂಧಿ ಇದು. ನಾವು ಉದುರಿಸುವ ಚರ್ಮದ ಹೊಟ್ಟು ಇದರ ಆಹಾರ. ಅದರ ಹಿಕ್ಕೆ ನಮಗೆ ಅಲರ್ಜಿ. ಗೋಡೆಯ ಬೂಷ್ಟೂ ಜೊತೆಗಿದೆ. ನನ್ನ ಊಹೆ ಸರಿಯೋ ತಪ್ಪೋ ನೀವೇ ಪರೀಕ್ಷಿಸಬಹುದು. ನಾಲ್ಕು ವಾರ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಹಂಡೆಯ ಸುಡುನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಸುಮಾರು 60 ಡಿಗ್ರಿ ಬಿಸಿಗೆ ನುಸಿ ಸಾಯುತ್ತದೆ, ತಣ್ಣೀರಿಗೆ ಸಾಯುವುದಿಲ್ಲ. ಅಟ್ಟದ ಕೆಲಸ ಬೇರೆಯವರು ಮಾಡಲಿ. ಈ ನಾಲ್ಕು ವಾರದಲ್ಲಿ ಬೇರೇನನ್ನೂ ಬದಲಿಸಬೇಡಿ, ಮೊಸರು, ಬಾಳೆಹಣ್ಣು ಶುರುಮಾಡುವುದೂ ಆಮೇಲೆ. ಒಟ್ಟಿಗೆ ಮೂರು ಬದಲಾವಣೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ಹೇಳಲಾಗದು.

ಆದರೆ ಔಷಧಕ್ಕಾಗಿ ಈ ನಾಲ್ಕು ವಾರ ಕಾಯಬೇಡಿ. ನಿಲ್ಲಿಸಿದ ಪಂಪಿನ ಬಗ್ಗೆ ಈ ವಾರವೇ ನಿಮ್ಮ ಡಾಕ್ಟರನ್ನು ಕಾಣಿ. ನೀಲಿ ಪಂಪು ಸ್ನಾಯುವನ್ನು ನಾಲ್ಕೈದು ಗಂಟೆ ಸಡಿಲಿಸುತ್ತದೆ, ಊದಿದ ಗೋಡೆಯನ್ನು ಮುಟ್ಟುವುದಿಲ್ಲ. ಗೋಡೆಯ ಊತ ಇಳಿಸುವುದು ನೀವು ಬಿಟ್ಟ ಸ್ಟಿರಾಯ್ಡ್ ಪಂಪು. ಅದರ ಕೆಲಸ ನಿಧಾನ, ಎಳೆದ ಕೂಡಲೇ ಆರಾಮ ಎನಿಸುವುದಿಲ್ಲ, ಅದಕ್ಕೇ ಜನ ಬಿಡುತ್ತಾರೆ. ಅತ್ತೆಯವರ ಭಯ ಪ್ರೀತಿಯಿಂದ ಬಂದದ್ದು, ಅವರಿಗೆ ಹೀಗೆ ಹೇಳಿ: ಇದು ಚಟ ಹಿಡಿಸುವ ಔಷಧವಲ್ಲ, ಬಿಪಿ ಗುಳಿಗೆಯ ಹಾಗೆ ಕಾಯಿಲೆ ಇರುವವರೆಗೆ ಬೇಕು. ಪ್ರಮಾಣದ ಅಂದಾಜಿಗೆ ಹೇಳುತ್ತೇನೆ: ದಿನದ ಪಂಪಿನಲ್ಲಿ 200 ಮೈಕ್ರೊಗ್ರಾಂ ಇದ್ದರೆ, ಉಬ್ಬಸ ಕೈಮೀರಿದಾಗ ಕೊಡುವ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಗುಳಿಗೆ 40,000 ಮೈಕ್ರೊಗ್ರಾಂ. ಎರಡೂ ಬೇರೆ ಔಷಧ, ಶಕ್ತಿಯೂ ಬೇರೆ, ಆದರೂ ಯಾವುದಕ್ಕೆ ಹೆದರಬೇಕೆಂದು ತಿಳಿಯುತ್ತದೆ. ಪಂಪಿಗೂ ಅಡ್ಡಪರಿಣಾಮ ಇದೆ: ಗಂಟಲು ಒಡೆಯುವುದು, ಬಾಯಲ್ಲಿ ಬಿಳಿ ಹುಣ್ಣು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ, ಸ್ಪೇಸರ್ (ಪಂಪಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಬಳಸಿದರೆ ಬಹುಪಾಲು ತಪ್ಪುತ್ತದೆ. ದೊಡ್ಡ ಪ್ರಮಾಣದಲ್ಲಿ ವರ್ಷಗಟ್ಟಲೆ ಬೇಕಾದವರಿಗೆ ಮೂಳೆ, ಕಣ್ಣಿನ ತಪಾಸಣೆಯನ್ನು ಡಾಕ್ಟರು ಮಾಡಿಸುತ್ತಾರೆ.

ದಿನಾ ಎಳೆಯುವುದು ನಿಮಗೆ ಕಷ್ಟವಾದರೆ ಇನ್ನೊಂದು ದಾರಿಯೂ ಇದೆ. 2019ರಿಂದ ಜೀನಾ ಎಂಬ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ, ನೀಲಿ ಪಂಪೊಂದನ್ನೇ ನಂಬುವ ಚಿಕಿತ್ಸೆ ಬೇಡ ಎನ್ನುತ್ತಿದೆ. ಸ್ಟಿರಾಯ್ಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಪಂಪನ್ನು, ಸೌಮ್ಯ ಅಸ್ತಮಾದವರು ಬೇಕೆನಿಸಿದಾಗ ಮಾತ್ರವೂ ಬಳಸಬಹುದು. ರಾತ್ರಿ ಏಳುವ ನಿಮಗೆ ಅದಷ್ಟೇ ಸಾಲದಿರಬಹುದು. ಅದನ್ನು ನಿಮ್ಮ ಅಂಕಿ ನೋಡಿ ಡಾಕ್ಟರು ನಿರ್ಧರಿಸಲಿ. ನೀಲಿ ಪಂಪಿನ ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಸಲಕ್ಕಾಗುವಷ್ಟು ಔಷಧ ಇರುತ್ತದೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಖಾಲಿಯಾದರೆ ಜೋರು ಉಬ್ಬಸದ ಅಪಾಯ ಹೆಚ್ಚು, ತಿಂಗಳಿಗೊಂದು ಆದರೆ ಜೀವಕ್ಕೇ ಅಪಾಯ. ನಿಮ್ಮ ಪುಟಗಳಲ್ಲಿ ಈ ಎಣಿಕೆ ಎಲ್ಲೂ ಇಲ್ಲ.

ನಿಮ್ಮ ಯಜಮಾನರ ಮಾತಿನಲ್ಲೂ ಹುರುಳಿದೆ. ದಿನಕ್ಕೆ ಹದಿನೈದು ಸಲ ಊದಿ ಗಾಬರಿಯಾಗುವವರನ್ನು ಕಂಡಿದ್ದೇನೆ. ಅದಕ್ಕೇ ಎರಡು ಸಲ, ಎರಡೆರಡು ನಿಮಿಷ, ಆಮೇಲೆ ಪುಸ್ತಕ ಮುಚ್ಚಿ. ಜೀವನಪೂರ್ತಿ ಬರೆಯಬೇಕಿಲ್ಲ. ನಾಲ್ಕು ವಾರ ಸಾಕು, ಮತ್ತೆ ಮಳೆ ಹಿಡಿದಾಗ, ಔಷಧ ಬದಲಿಸಿದಾಗ, ನೆಗಡಿ ಶುರುವಾದಾಗ ಒಂದಿಷ್ಟು ದಿನ. ಇನ್ನೊಂದು ಮಾತೂ ಅವರಿಗೆ ಹೇಳಿ: ಗಾಬರಿಯ ಏದುಸಿರು ಯಾವುದು, ಅಸ್ತಮಾ ಯಾವುದು ಎಂದು ಬೇರ್ಪಡಿಸಲಿಕ್ಕೂ ಅಂಕಿ ನೆರವಾಗುತ್ತದೆ. ಉಸಿರು ಕಟ್ಟಿದಂತಾದಾಗಲೂ 350 ಊದಿದಿರಾದರೆ ಕಾರಣ ಬೇರೆ ಇರಬಹುದು, ರಕ್ತಹೀನತೆ, ಹೃದಯ, ಧ್ವನಿಪೆಟ್ಟಿಗೆ, ಮನಸ್ಸಿನ ಒತ್ತಡ. ಅದನ್ನೂ ಹುಡುಕಬೇಕಲ್ಲ.

ಅಂಕಿ ನಿಮ್ಮ ದಾಖಲೆಯ ಅರ್ಧಕ್ಕಿಂತ (ದಾಖಲೆ 360 ಆದರೆ 180ಕ್ಕಿಂತ) ಕೆಳಗಿಳಿದರೆ, ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ನೀಲಿ ಪಂಪಿಗೆ ಜಗ್ಗದಿದ್ದರೆ, ಬರೆಯುವುದನ್ನು ಬಿಟ್ಟು 108ಕ್ಕೆ ಫೋನ್ ಮಾಡಿ. ಕೂತೇ ಇರಿ, ಮಲಗಬೇಡಿ. ಸ್ಪೇಸರಿನಲ್ಲಿ ಒಂದೊಂದಾಗಿ ನಾಲ್ಕು ಸಲ ನೀಲಿ ಪಂಪು ಎಳೆಯಿರಿ, ಆಂಬುಲೆನ್ಸ್ ಬರುವವರೆಗೆ 20 ನಿಮಿಷಕ್ಕೊಮ್ಮೆ ಹಾಗೇ ಮಾಡಿ. ನಿಮ್ಮ ಹಳ್ಳಿಯಿಂದ ಆಸ್ಪತ್ರೆಗೆ ಘಟ್ಟದ ರಸ್ತೆ, ಮಳೆ ಎಲ್ಲ ಇರುತ್ತದೆ. ಹಾಗಾಗಿ ನೀವು ಹೊರಡಬೇಕಾದ ಅಂಕಿ ಈ ಅರ್ಧಕ್ಕಿಂತ ಮೇಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಯಾವ ಅಂಕಿಗೆ ಯಾವ ಔಷಧ, ಯಾವ ಅಂಕಿಗೆ ಮನೆ ಬಿಡಬೇಕು ಎಂಬುದನ್ನು ನಿಮ್ಮ ಡಾಕ್ಟರ ಕೈಯಿಂದಲೇ ಪುಸ್ತಕದ ಮೊದಲ ಪುಟದಲ್ಲಿ ಬರೆಸಿಕೊಳ್ಳಿ.

ಹೋಗುವಾಗ ಪುಸ್ತಕದ ಜೊತೆ ಎರಡೂ ಪಂಪು ಒಯ್ಯಿರಿ. ಅವರೆದುರು ಒಂದು ಸಲ ಎಳೆದು ತೋರಿಸಿ. ಆರು ವರ್ಷದಿಂದ ಎಳೆಯುತ್ತಿದ್ದೇನೆ ಎನ್ನುವವರಲ್ಲೂ ಎಷ್ಟೋ ಜನ ಉಸಿರೆಳೆಯುತ್ತಲೇ ಒತ್ತುವ ಬದಲು ಪಂಪು ಒತ್ತಿ ಮುಗಿದ ಮೇಲೆ ಉಸಿರೆಳೆಯುತ್ತಾರೆ, ಔಷಧವೆಲ್ಲ ನಾಲಿಗೆ ಮೇಲೆ ಉಳಿದಿರುತ್ತದೆ.